ಅಭಿಜಾತ ಕ್ರೈಸ್ತ ಶಿಕ್ಷಣ ಪದ್ಧತಿಯಲ್ಲಿ ಚಿತ್ರಕಲೆಯ ಸ್ಥಾನ

೧

ಯೂರೋಪಿನ ಶಿಕ್ಷಣದ ಚರಿತ್ರೆಯನ್ನು ಅಭ್ಯಸಿಸುವ ವಿದ್ಯಾರ್ಥಿಗಳಿಗೆ ಆರಂಭದಲ್ಲಿಯೇ ತೊಡಕನ್ನುಂಟುಮಾಡುವ ಪದ ‘ಕಲೆ’ ಎಂಬುದು. ಮಧ್ಯಯುಗದ ಕ್ರೈಸ್ತ ಪಾಠಶಾಲೆಗಳಲ್ಲಿ ಏಳು ಕಲೆಗಳನ್ನು ಕಲಿಸುತ್ತಿದ್ದರೆಂದು ಓದಿದೊಡನೆ, ಆ ಏಳರಲ್ಲಿ ಚಿತ್ರ ಶಿಲ್ಪಗಳೂ ಸೇರಿದ್ದಿರಬೇಕೆಂದು ಅವರು ಸಹಜವಾಗಿ ಭಾವಿಸುತ್ತಾರೆ. ವಾಸ್ತವದಲ್ಲಿ ಆ ಪಟ್ಟಿಯಲ್ಲಿ ಚಿತ್ರವೂ ಇಲ್ಲ, ಶಿಲ್ಪವೂ ಇಲ್ಲ. ವ್ಯಾಕರಣ, ತರ್ಕ, ವಾಗ್ಮಿತೆ ಎಂಬ ಮೂರು ವಿದ್ಯೆಗಳು ಸೇರಿ ‘ತ್ರಿಪಥ’ವೆಂದೂ, ಅಂಕಗಣಿತ, ರೇಖಾಗಣಿತ, ಖಗೋಳ, ಸಂಗೀತ ಎಂಬ ನಾಲ್ಕು ಸೇರಿ ‘ಚತುಷ್ಪಥ’ವೆಂದೂ ಹೆಸರಾಗಿದ್ದುವು. ಸ್ವತಂತ್ರ ಪುರುಷನಿಗೆ ಉಚಿತವಾದವು ಎಂಬ ಅರ್ಥದಲ್ಲಿ ಇವನ್ನು ಉದಾರ ಕಲೆಗಳೆಂದು ಕರೆಯುತ್ತಿದ್ದರು. ಇಲ್ಲಿ ‘ಕಲೆ’ ಎಂದರೆ ನಿಯಮಬದ್ಧವಾದ ವಿದ್ಯೆ ಎಂದಷ್ಟೇ ಅರ್ಥ. ನಮ್ಮವರು ಅರುವತ್ತನಾಲ್ಕು ಕಲೆಗಳೆನ್ನುವಾಗ ಹಾಡು, ಅಡಿಗೆ, ಹೂ ಕಟ್ಟುವುದು ಮೊದಲಾದುವೆಲ್ಲ ಆ ಮಾತಿನೊಳಗೆ ಅಡಗುವಂತೆ, ಲ್ಯಾಟಿನ್ ಭಾಷೆಯ ‘ಆರ್ಸ್’ ಎಂಬ ಪದದ ವ್ಯಾಪ್ತಿಯೂ ದೊಡ್ಡದು. ವ್ಯತ್ಯಾಸವೊಂದುಂಟು: ವಾತ್ಸ್ಯಾಯನನ ಪಟ್ಟಿಯಲ್ಲಿ ಗೀತ, ವಾದ್ಯ, ನೃತ್ಯಗಳ ಬೆನ್ನಿಗೇ ಆಲೇಖ್ಯ, ಅಂದರೆ ಚಿತ್ರ ಬರೆಯುವುದು, ಬರುತ್ತದೆ, ಯೂರೋಪಿನ ಏಳರಲ್ಲಿ ಅದಕ್ಕೆ ಎಡೆ ದೊರೆಯಲಿಲ್ಲ.

ಈ ಸಂಗತಿಯನ್ನು ಈಗ ಪರಿಶೀಲಿಸುವುದಕ್ಕೆ ಕಾರಣವುಂಟು. ೧೯೪೭ರಲ್ಲಿ ಡೊರೊಥಿ ಸೇಯರ್ಸ್ ಎಂಬ ಇಂಗ್ಲಿಷ್ ಲೇಖಕಿ ಆಕ್ಸ್‌ಫರ್ಡಿನಲ್ಲಿ ಒಂದು ಉಪನ್ಯಾಸವನ್ನು ಮಾಡಿ, ಆಧುನಿಕ ಶಾಲೆಗಳು ಮಕ್ಕಳಿಗೆ ವಿಷಯಗಳನ್ನು ತುಂಬುತ್ತವೆಯೇ ಹೊರತು ಕಲಿಯುವ ಬಗೆಯನ್ನು ಕಲಿಸುವುದಿಲ್ಲವೆಂದೂ, ಮಧ್ಯಯುಗದ ತ್ರಿಪಥವೇ ಆ ಕಳೆದುಹೋದ ಸಾಧನವೆಂದೂ ವಾದಿಸಿದರು. ಮೂರು ದಶಕಗಳ ಮೇಲೆ ಈ ವಾದಕ್ಕೆ ಅಮೆರಿಕದಲ್ಲಿ ಅನುಯಾಯಿಗಳು ದೊರೆತರು. ೧೯೮೧ರಲ್ಲಿ ಐಡಾಹೋ ಸಂಸ್ಥಾನದ ಮಾಸ್ಕೋ ಎಂಬ ಊರಿನಲ್ಲಿ ಲೋಗೋಸ್ ಶಾಲೆ ಆರಂಭವಾಯಿತು. ಅದರ ಸ್ಥಾಪಕರಲ್ಲೊಬ್ಬರಾದ ಡಗ್ಲಸ್ ವಿಲ್ಸನ್ ೧೯೯೧ರಲ್ಲಿ ಸೇಯರ್ಸರ ವಾದವನ್ನು ವಿಸ್ತರಿಸಿ ಪುಸ್ತಕ ಬರೆದ ಮೇಲೆ, ಅಲ್ಲಿ ಇಂಥ ಶಾಲೆಗಳು ನೂರಾರಾಗಿ ಹಬ್ಬಿದುವು. ಮನೆಯಲ್ಲಿಯೇ ಮಕ್ಕಳಿಗೆ ಪಾಠ ಹೇಳುವ ತಂದೆತಾಯಿಗಳೂ ಈ ಪದ್ಧತಿಯನ್ನು ಕೈಗೊಂಡರು. ಇದನ್ನೇ ‘ಅಭಿಜಾತ ಕ್ರೈಸ್ತ ಶಿಕ್ಷಣ’ ಎನ್ನುತ್ತಾರೆ. ಈ ಶಾಲೆಗಳಲ್ಲಿ ಲ್ಯಾಟಿನ್, ತರ್ಕಗಳಂತೆ ಚಿತ್ರಕಲೆಯನ್ನೂ ಪ್ರಾಚೀನ ಕ್ರಮದಲ್ಲಿ ಕಲಿಸಬೇಕೆಂಬ ಅಭಿಪ್ರಾಯ ಬೆಳೆದಿದೆ.

ಇಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಮೊದಲನೆಯದು ಚರಿತ್ರೆಯ ಪ್ರಶ್ನೆ: ಚಿತ್ರವನ್ನು ಕಲಿಸುವ ಅಭಿಜಾತ ಕ್ರೈಸ್ತ ಪರಂಪರೆಯೊಂದು ನಿಜವಾಗಿಯೂ ಇದ್ದಿತೆ? ಎರಡನೆಯದು ಬೋಧನೆಯ ಪ್ರಶ್ನೆ: ಹಾಗೆ ಕಲಿಸುವುದು ಮಕ್ಕಳಿಗೆ ಹಿತವೆ? ಮೊದಲನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದ ಮಾತ್ರಕ್ಕೆ ಎರಡನೆಯದಕ್ಕೂ ಅದೇ ಉತ್ತರ ಬರಬೇಕೆಂದಿಲ್ಲ. ಇವೆರಡನ್ನೂ ಬೇರೆಬೇರೆಯಾಗಿ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಬಾಲಶಿಕ್ಷಣದಲ್ಲಿ ಚಿತ್ರಲೇಖನವನ್ನು ಸೇರಿಸುವ ಆಲೋಚನೆ ಗ್ರೀಕರಿಗೆ ಅಪರಿಚಿತವಾಗಿರಲಿಲ್ಲ. ಓದುಬರೆಹ, ವ್ಯಾಯಾಮ, ಸಂಗೀತ ಎಂಬ ಮೂರು ರೂಢಿಯ ಪಾಠಗಳಿಗೆ ಕೆಲವರು ಚಿತ್ರಲೇಖನವನ್ನು ನಾಲ್ಕನೆಯದಾಗಿ ಸೇರಿಸುತ್ತಾರೆಂದು ಅರಿಸ್ಟಾಟಲನು ತನ್ನ ‘ರಾಜನೀತಿ’ಯ ಎಂಟನೆಯ ಪುಸ್ತಕದಲ್ಲಿ ತಿಳಿಸುತ್ತಾನೆ. ಅದಕ್ಕೆ ಅವನು ಕೊಡುವ ಕಾರಣ ಗಮನಾರ್ಹವಾದುದು. ಪಾತ್ರೆ ಪದಾರ್ಥಗಳನ್ನು ಕೊಳ್ಳುವಾಗ ಮೋಸಹೋಗದಿರಲೆಂದು ಮಾತ್ರ ಚಿತ್ರವನ್ನು ಕಲಿಸಬಾರದು. ಅದು ದೇಹಗಳ ಸೌಂದರ್ಯವನ್ನು ಕಾಣುವ ಕಣ್ಣನ್ನು ಕೊಡುತ್ತದೆಂದು ಕಲಿಸಬೇಕು ಎಂಬುದು ಅವನ ಮತ. ರೋಮನ್ ಲೇಖಕನಾದ ಹಿರಿಯ ಪ್ಲಿನಿ ಇನ್ನೊಂದು ಸಂಗತಿಯನ್ನು ಹೇಳುತ್ತಾನೆ. ಅಪೆಲೀಸನ ಗುರುವಾದ ಪಾಂಫಿಲಸನೆಂಬ ಚಿತ್ರಕಾರನು ಗಣಿತ ರೇಖಾಗಣಿತಗಳಲ್ಲಿ ಪಂಡಿತನಾಗಿದ್ದನಂತೆ; ಅವನ ಪ್ರಭಾವದಿಂದ ಮೊದಲು ಸಿಕಿಯೋನ್ ನಗರದಲ್ಲಿ, ಅನಂತರ ಗ್ರೀಸಿನಲ್ಲೆಲ್ಲ, ಸ್ವತಂತ್ರ ಕುಲದ ಹುಡುಗರಿಗೆ ಮರದ ಹಲಗೆಯ ಮೇಲೆ ಚಿತ್ರ ಬರೆಯಲು ಕಲಿಸುವ ರೂಢಿ ಬಂದಿತಂತೆ. ಅದೇ ವಾಕ್ಯದ ಮುಂದೆಯೇ, ಗುಲಾಮರಿಗೆ ಈ ವಿದ್ಯೆಯನ್ನು ಕಲಿಸಕೂಡದೆಂಬ ನಿಷೇಧವಿತ್ತೆಂದೂ ಪ್ಲಿನಿ ಹೇಳಿದ್ದಾನೆ.

ಈ ರೂಢಿ ಬಾಳಲಿಲ್ಲ. ಚಿತ್ರ ಶಿಲ್ಪಗಳು ಕೈಗೆ ಬಣ್ಣ, ಮೈಗೆ ಕಲ್ಲುಹುಡಿ ಅಂಟಿಸಿಕೊಳ್ಳುವ ಕೆಲಸಗಳು. ಅವು ಕೂಲಿಯ ಕೆಲಸಗಳು. ಒಲಿಂಪಿಯದ ಸ್ಯೂಸ್ ವಿಗ್ರಹವನ್ನು ಕಂಡು ಮೆಚ್ಚಿದ ಕುಲೀನ ಯುವಕನಾವನೂ ತಾನು ಫಿಡಿಯಾಸನಾಗಬೇಕೆಂದು ಆಶಿಸಲಾರನೆಂದು ಪ್ಲುಟಾರ್ಕನು ಬರೆದನು. ವರ್ಣಚಿತ್ರಕಾರರನ್ನು ಉದಾರ ಕಲೆಗಳ ಸಾಲಿಗೆ ಸೇರಿಸಲು ತಾನು ಒಪ್ಪುವುದಿಲ್ಲವೆಂದು ಸೆನೆಕನು ತನ್ನ ಎಂಬತ್ತೆಂಟನೆಯ ಪತ್ರದಲ್ಲಿ ಸ್ಪಷ್ಟವಾಗಿ ಹೇಳಿದನು. ಅವರು ಭೋಗದ ಸೇವಕರೆಂಬುದು ಅವನ ಆಕ್ಷೇಪ. ಕೃತಿಯನ್ನು ಮೆಚ್ಚುವುದು, ಕೃತಿಕಾರನನ್ನು ಕೀಳಾಗಿ ಕಾಣುವುದು, ಇವೆರಡೂ ಒಂದೇ ಸಮಾಜದಲ್ಲಿ ಜೊತೆಯಾಗಿ ನಡೆಯಬಲ್ಲವೆಂಬುದು ನಮಗೆ ಹೊಸ ಮಾತಲ್ಲ. ಐದನೆಯ ಶತಮಾನದಲ್ಲಿ ಮಾರ್ಟಿಯಾನಸ್ ಕಪೆಲ್ಲನು ತನ್ನ ರೂಪಕ ಗ್ರಂಥದಲ್ಲಿ ಏಳು ವಿದ್ಯೆಗಳನ್ನು ಏಳು ಕನ್ಯೆಯರನ್ನಾಗಿ ಚಿತ್ರಿಸಿದಾಗ, ವೈದ್ಯಕ್ಕೂ ವಾಸ್ತುವಿಗೂ ಸಹ ದೇವಸಭೆಯಲ್ಲಿ ಮಾತನಾಡಲು ಅವಕಾಶ ಕೊಡಲಿಲ್ಲ. ಚಿತ್ರಕಲೆಯ ಮಾತಂತೂ ಬರಲೇ ಇಲ್ಲ. ಮಧ್ಯಯುಗಕ್ಕೆ ಬಂದ ಪಟ್ಟಿ ಇದೇ.

೩

ಕ್ರೈಸ್ತ ಮತವು ಈ ಗ್ರೀಕ್ ರೋಮನ್ ವಿದ್ಯೆಯನ್ನು ಹೇಗೆ ಸ್ವೀಕರಿಸಿತೆಂಬುದು ಮುಂದಿನ ವಿಚಾರ. ಅನ್ಯದೇವತೆಗಳ ಕಥೆಗಳಿಂದ ತುಂಬಿದ ಕಾವ್ಯಗಳನ್ನು ಕ್ರೈಸ್ತ ಬಾಲಕರು ಓದಬಹುದೆ ಎಂಬ ಪ್ರಶ್ನೆಗೆ ನಾಲ್ಕನೆಯ ಶತಮಾನದಲ್ಲಿ ಸಂತ ಬೇಸಿಲನು, ಜೇನ್ನೊಣ ಹೂಗಳಿಂದ ಬೇಕಾದುದನ್ನು ಮಾತ್ರ ಆಯ್ದುಕೊಳ್ಳುವಂತೆ ಓದಬೇಕೆಂದು ಉತ್ತರಿಸಿದನು. ಸಂತ ಅಗಸ್ಟೀನನು ಕೊಟ್ಟ ಉಪಮೆ ಇನ್ನೂ ಪ್ರಸಿದ್ಧವಾದುದು. ಇಸ್ರೇಲರು ಈಜಿಪ್ಟನ್ನು ಬಿಟ್ಟು ಹೊರಟಾಗ ಅಲ್ಲಿನವರ ಚಿನ್ನ ಬೆಳ್ಳಿಗಳನ್ನು ತಮ್ಮೊಡನೆ ತಂದಂತೆ, ಅನ್ಯರ ವಿದ್ಯೆಯಲ್ಲಿರುವ ಸತ್ಯವನ್ನು ಕ್ರೈಸ್ತರು ತಮ್ಮ ಉಪಯೋಗಕ್ಕೆ ತೆಗೆದುಕೊಳ್ಳಬಹುದೆಂದು ಅವನು ‘ಕ್ರೈಸ್ತ ಬೋಧನೆ’ ಎಂಬ ಗ್ರಂಥದಲ್ಲಿ ಪ್ರತಿಪಾದಿಸಿದನು. ಇಂದಿನ ಅಭಿಜಾತ ಕ್ರೈಸ್ತ ಶಾಲೆಗಳ ಆಧಾರವಾಕ್ಯ ಇದೇ ಎಂದರೂ ತಪ್ಪಾಗಲಾರದು. ಆದರೆ ಅದೇ ಗ್ರಂಥದಲ್ಲಿ ಅಗಸ್ಟೀನನು ಮಾನವಕಲ್ಪಿತ ವಸ್ತುಗಳನ್ನು ವಿಂಗಡಿಸುವಾಗ, ಚಿತ್ರ ಪ್ರತಿಮೆಗಳನ್ನು ಅನಾವಶ್ಯಕವಾದವುಗಳ ಗುಂಪಿಗೆ ಸೇರಿಸಿದ್ದಾನೆಂಬುದನ್ನು ಮರೆಯಲಾಗದು. ಈಜಿಪ್ಟಿನ ಚಿನ್ನದಲ್ಲಿ ಚಿತ್ರಕಲೆಯನ್ನು ಅವನು ಎಣಿಸಿರಲಿಲ್ಲ.

ಹೀಗಿದ್ದರೂ, ಚಿತ್ರವನ್ನು ಕಲಿಸುವವರಿಗೆ ಆತನಿಂದ ಬೇರೊಂದು ಬಗೆಯ ನೆರವು ದೊರೆಯಿತು. ‘ಸತ್ಯಧರ್ಮ’ವನ್ನು ಕುರಿತ ತನ್ನ ಗ್ರಂಥದಲ್ಲಿ ಅವನು ಒಬ್ಬ ಶಿಲ್ಪಿಯನ್ನು ಕಲ್ಪಿಸಿಕೊಂಡು ಪ್ರಶ್ನಿಸುತ್ತಾನೆ. ಒಂದು ಕಮಾನನ್ನು ಕಟ್ಟಿದ ಮೇಲೆ ಎದುರಿಗೆ ಅದರ ಸಮಾನವಾದ ಇನ್ನೊಂದನ್ನು ಏಕೆ ಕಟ್ಟುವೆ? ಅದು ಚೆಲುವಾಗಿ ಕಾಣುತ್ತದೆಂಬುದು ಉತ್ತರ. ಹಾಗಾದರೆ ನಮಗೆ ಹಿಡಿಸುವುದರಿಂದ ಅದು ಚೆಲುವೋ, ಚೆಲುವಾಗಿರುವುದರಿಂದ ನಮಗೆ ಹಿಡಿಸುವುದೋ? ಎರಡನೆಯದೇ ಸರಿಯೆಂದು ಅಗಸ್ಟೀನನು ನಿರ್ಣಯಿಸುತ್ತಾನೆ. ಸೌಂದರ್ಯವು ನೋಡುವವನ ಅಭಿರುಚಿಯಲ್ಲಿ ಮಾತ್ರ ಇರುವುದಲ್ಲ, ವಸ್ತುವಿನ ಪ್ರಮಾಣದಲ್ಲಿ, ಕೊನೆಗೆ ಆ ಪ್ರಮಾಣವನ್ನು ವಿಧಿಸಿದ ದೇವರಲ್ಲಿ ಇರುತ್ತದೆಂಬುದು ಇದರ ತಾತ್ಪರ್ಯ. ಅಭಿಜಾತ ಕ್ರೈಸ್ತ ದೃಷ್ಟಿಯಿಂದ ಚಿತ್ರ ಕಲಿಸುವ ಅಧ್ಯಾಪಕನು ‘ಇದು ನಿನಗೆ ಇಷ್ಟವೆ?’ ಎಂಬ ಪ್ರಶ್ನೆಗೆ ಮೊದಲು ‘ಇದರಲ್ಲಿ ಏನಿದೆ?’ ಎಂದು ಕೇಳುವುದಕ್ಕೆ ಕಾರಣ ಇಲ್ಲಿದೆ.

ಚಿತ್ರಗಳಿಗೆ ದೇವಾಲಯದೊಳಗೆ ಸ್ಥಾನವನ್ನು ಕೊಡಿಸಿದ ವಾದ ಪೋಪ್ ಗ್ರೆಗರಿಯದು. ಮಾರ್ಸೇಲ್ಸಿನ ಬಿಷಪ್ ಸೆರೀನಸನು ಜನ ಪೂಜಿಸುತ್ತಾರೆಂಬ ಭಯದಿಂದ ಚಿತ್ರಗಳನ್ನು ಒಡೆಸಿದಾಗ, ಗ್ರೆಗರಿಯು ೫೯೯ ಮತ್ತು ೬೦೦ರಲ್ಲಿ ಅವನಿಗೆ ಎರಡು ಪತ್ರಗಳನ್ನು ಬರೆದನು. ಚಿತ್ರವನ್ನು ಪೂಜಿಸುವುದು ಸಲ್ಲದು. ಆದರೆ ಓದುಬಲ್ಲವರಿಗೆ ಗ್ರಂಥವು ಏನನ್ನು ಕಲಿಸುವುದೋ ಅದನ್ನು ಓದುಬಾರದವರಿಗೆ ಚಿತ್ರವು ಕಲಿಸುವುದರಿಂದ ಅದನ್ನು ನಾಶಮಾಡಲಾಗದು ಎಂಬುದು ಆ ಪತ್ರಗಳ ಸಾರ. ಪೂರ್ವದಲ್ಲಿ ಬೈಜಾಂಟಿಯಮ್ ಸಾಮ್ರಾಜ್ಯದಲ್ಲಿ ಚಿತ್ರಭಂಜನೆಯ ದೀರ್ಘ ಕಲಹ ನಡೆದು, ೭೮೭ರ ನಿಸೀಯ ಮಹಾಸಭೆಯು ಚಿತ್ರಗಳಿಗೆ ಗೌರವವನ್ನು ಸಲ್ಲಿಸಬಹುದೆಂದು ತೀರ್ಮಾನಿಸಿತು. ಅಲ್ಲಿಯ ವಾದ ಬೇರೆ: ದೇವರೇ ಮನುಷ್ಯದೇಹವನ್ನು ಧರಿಸಿ ಕಣ್ಣಿಗೆ ಕಂಡ ಮೇಲೆ ಅವನ ರೂಪವನ್ನು ಬರೆಯಬಹುದೆಂಬುದು. ಪಶ್ಚಿಮದಲ್ಲಿ ನಿಂತುದು ಮುಖ್ಯವಾಗಿ ಗ್ರೆಗರಿಯ ವಾದ. ಅದರ ಪರಿಣಾಮವನ್ನು ಗಮನಿಸಬೇಕು. ಚಿತ್ರವು ಓದುಬಾರದವರ ಪುಸ್ತಕವಾದರೆ, ಓದುಬಲ್ಲವರನ್ನು ತಯಾರಿಸುವ ಪಾಠಶಾಲೆಯಲ್ಲಿ ಅದಕ್ಕೇನು ಕೆಲಸ? ಚಿತ್ರವನ್ನು ಗುಡಿಯಲ್ಲಿ ಉಳಿಸಿದ ವಾದವೇ ಅದನ್ನು ಶಾಲೆಯ ಹೊರಗೆ ನಿಲ್ಲಿಸಿತೆಂದು ನಾವು ಭಾವಿಸುತ್ತೇವೆ.

೪

ಈ ವಿಚಿತ್ರ ಪರಿಸ್ಥಿತಿಗೆ ಫ್ರಾನ್ಸಿನ ಶಾರ್ತ್ರ್ ಮಹಾದೇವಾಲಯದ ಪಶ್ಚಿಮ ದ್ವಾರಕ್ಕಿಂತ ಉತ್ತಮವಾದ ನಿದರ್ಶನ ದೊರೆಯಲಾರದು. ಹನ್ನೆರಡನೆಯ ಶತಮಾನದ ಮಧ್ಯಭಾಗದಲ್ಲಿ ಕಡೆದ ಆ ದ್ವಾರದ ಮೇಲೆ ಮಾತೆ ಮೇರಿಯ ಸುತ್ತ ಏಳು ಉದಾರ ಕಲೆಗಳ ಮೂರ್ತಿಗಳಿವೆ. ವ್ಯಾಕರಣದೇವಿ ಬೆತ್ತ ಹಿಡಿದು ಇಬ್ಬರು ಹುಡುಗರಿಗೆ ಪಾಠ ಹೇಳುತ್ತಿದ್ದಾಳೆ. ವಿದ್ಯೆಯ ಈ ಸಂಪೂರ್ಣ ಪಟ್ಟಿಯನ್ನು ಕಲ್ಲಿನಲ್ಲಿ ನಿಲ್ಲಿಸಿದ ಶಿಲ್ಪಿಯ ವಿದ್ಯೆಗೆ ಆ ಪಟ್ಟಿಯಲ್ಲಿ ಹೆಸರಿಲ್ಲ.

ಅದೇ ಕಾಲದ ಚಿಂತಕರಲ್ಲಿ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದವನು ಪ್ಯಾರಿಸಿನ ಸೇಂಟ್ ವಿಕ್ಟರ್ ಮಠದ ಹ್ಯೂ. ‘ಡಿಡಾಸ್ಕಾಲಿಕಾನ್’ ಎಂಬ ತನ್ನ ಗ್ರಂಥದಲ್ಲಿ ಅವನು ಏಳು ಉದಾರ ಕಲೆಗಳಿಗೆ ಎದುರಾಗಿ ಏಳು ಕೈಕಸುಬಿನ ಕಲೆಗಳನ್ನು ಎಣಿಸಿದನು: ನೆಯ್ಗೆ, ಆಯುಧ ಮತ್ತು ಕಟ್ಟಡಗಳ ಕೆಲಸ, ವಾಣಿಜ್ಯ, ವ್ಯವಸಾಯ, ಬೇಟೆ, ವೈದ್ಯ, ನಾಟ್ಯವಿನೋದ. ಇವೂ ತತ್ತ್ವಜ್ಞಾನದ ಅಂಗಗಳೇ ಎಂಬುದು ಅವನ ಹೊಸ ಮಾತು. ದೇವರ ಕೆಲಸ ಸೃಷ್ಟಿ. ಪ್ರಕೃತಿಯ ಕೆಲಸ ಅಡಗಿದುದನ್ನು ಬೆಳಕಿಗೆ ತರುವುದು. ಕುಶಲಕರ್ಮಿಯ ಕೆಲಸ ಪ್ರಕೃತಿಯನ್ನು ಅನುಸರಿಸಿ ಚದುರಿದುದನ್ನು ಕೂಡಿಸುವುದು, ಕೂಡಿದುದನ್ನು ಬಿಡಿಸುವುದು ಎಂದು ಅವನು ವಿವರಿಸಿದನು.

ಸುಮಾರು ಇದೇ ಸಮಯದಲ್ಲಿ ಥಿಯೋಫಿಲಸ್ ಎಂಬ ಹೆಸರಿನಿಂದ ಒಬ್ಬ ಸನ್ಯಾಸಿ ಪಾದ್ರಿಯು ವರ್ಣಚಿತ್ರ, ಗಾಜು, ಲೋಹ ಈ ಮೂರು ಕೆಲಸಗಳನ್ನು ಕುರಿತು ಮೂರು ಭಾಗಗಳ ಗ್ರಂಥವನ್ನು ರಚಿಸಿದನು. ಬಣ್ಣವನ್ನು ಅರೆಯುವ ಬಗೆ, ಗಾಜನ್ನು ಕರಗಿಸುವ ಬಗೆ ಮೊದಲಾದುವನ್ನು ಹೇಳುವ ಈ ಗ್ರಂಥದ ಪ್ರತಿಯೊಂದು ಭಾಗಕ್ಕೂ ಒಂದು ಧಾರ್ಮಿಕ ಪೀಠಿಕೆಯುಂಟು. ಕುಶಲತೆ ದೇವರು ಕೊಟ್ಟುದು. ಅದನ್ನು ಬಚ್ಚಿಡದೆ ಕಲಿಯಬಯಸುವವರಿಗೆ ಧಾರೆಯೆರೆಯಬೇಕು. ಪವಿತ್ರಾತ್ಮನ ಏಳು ವರಗಳು ಕುಶಲಕರ್ಮಿಯ ಕೈಯಲ್ಲಿಯೂ ಕೆಲಸಮಾಡುತ್ತವೆ ಎಂದು ಅವನು ಬೋಧಿಸುತ್ತಾನೆ. ಇದಕ್ಕೆ ಬೈಬಲಿನಲ್ಲಿಯೇ ಆಧಾರವಿತ್ತು. ದೇವದರ್ಶನದ ಗುಡಾರವನ್ನು ಕಟ್ಟಲು ಬೆಚಲೇಲನೆಂಬ ಕಸುಬುದಾರನನ್ನು ದೇವರು ತನ್ನ ಆತ್ಮದಿಂದ ತುಂಬಿಸಿದನೆಂಬ ಪ್ರಸಂಗ ವಿಮೋಚನಕಾಂಡದಲ್ಲಿ ಬರುತ್ತದೆ. ಅದೇ ಹನ್ನೆರಡನೆಯ ಶತಮಾನದಲ್ಲಿ ನಮ್ಮ ನಾಡಿನ ಶರಣರು ಕಾಯಕದ ತತ್ತ್ವವನ್ನು ಸಾರಿದರೆಂಬುದನ್ನು ಕನ್ನಡ ವಾಚಕರು ನೆನೆಯದಿರಲಾರರು. ಇವೆರಡಕ್ಕೂ ಪರಸ್ಪರ ಸಂಬಂಧವೇನೂ ಇಲ್ಲವಾದರೂ, ಕೈಯ ದುಡಿಮೆಗೆ ಗೌರವವನ್ನು ಕೊಡಿಸಲು ಎರಡೂ ಕಡೆ ಧರ್ಮದ ಮೂಲಕವೇ ಪ್ರಯತ್ನ ನಡೆದುದು ಚಿಂತನಾರ್ಹವಾಗಿದೆ.

ಚಿತ್ರವನ್ನು ವಾಸ್ತವವಾಗಿ ಕಲಿಸುತ್ತಿದ್ದ ಸ್ಥಳ ಚಿತ್ರಕಾರನ ಕಾರ್ಯಾಗಾರ. ಸುಮಾರು ೧೪೦೦ರಲ್ಲಿ ಚೆನ್ನೀನೋ ಚೆನ್ನೀನಿಯು ಬರೆದ ಕೈಪಿಡಿಯಿಂದ ಆ ಕ್ರಮ ತಿಳಿಯುತ್ತದೆ. ಶಿಷ್ಯನು ಒಂದು ವರ್ಷ ಸಣ್ಣ ಹಲಗೆಯ ಮೇಲೆ ರೇಖೆ ಬರೆಯುವುದನ್ನು ಅಭ್ಯಾಸಮಾಡಬೇಕು. ಆರು ವರ್ಷ ಗುರುವಿನ ಬಳಿ ಬಣ್ಣ ಅರೆಯುವುದು, ಅಂಟು ಕಾಯಿಸುವುದು, ಹಲಗೆಗೆ ಸುಣ್ಣದ ಲೇಪ ಕೊಡುವುದು ಇವನ್ನು ಕಲಿಯಬೇಕು. ಇನ್ನೂ ಆರು ವರ್ಷ ಬಣ್ಣ ಹಚ್ಚುವುದನ್ನೂ ಗೋಡೆಯ ಮೇಲೆ ಚಿತ್ರಿಸುವುದನ್ನೂ ಅಭ್ಯಸಿಸಬೇಕು. ಒಟ್ಟು ಹದಿಮೂರು ವರ್ಷ. ಹಬ್ಬದ ದಿನವಾಗಲಿ, ಕೆಲಸದ ದಿನವಾಗಲಿ, ರೇಖಾಭ್ಯಾಸವನ್ನು ಬಿಡಕೂಡದು. ಇದು ಕ್ರೈಸ್ತ ಭಕ್ತಿಯಿಂದ ಕೂಡಿದ ಶಿಕ್ಷಣವೆಂಬುದು ನಿಜ. ಆದರೆ ಇದು ಪಾಠಶಾಲೆಯ ಶಿಕ್ಷಣವಲ್ಲ.

೫

ಪಾಠಶಾಲೆಯನ್ನೂ ಕಾರ್ಯಾಗಾರವನ್ನೂ ಮೊದಲು ಹೊಂದಿಸಿದವನು ಲಿಯೋನ್ ಬಟ್ಟಿಸ್ಟ ಆಲ್ಬರ್ಟಿ. ಅವನು ಪಡುವಾದಲ್ಲಿ ಲ್ಯಾಟಿನ್ ಸಾಹಿತ್ಯದ ಶಿಕ್ಷಣವನ್ನು ಪಡೆದವನು, ಪೋಪರ ಕಾರ್ಯಾಲಯದಲ್ಲಿ ಕೆಲಸಮಾಡಿದವನು. ೧೪೩೫ರಲ್ಲಿ ಅವನು ರಚಿಸಿದ ‘ಚಿತ್ರಕಲೆಯನ್ನು ಕುರಿತು’ ಎಂಬ ಗ್ರಂಥದಲ್ಲಿ ನಮ್ಮ ಪ್ರಶ್ನೆಗೆ ಅತ್ಯಂತ ಹತ್ತಿರವಾದ ಮಾತು ಬರುತ್ತದೆ. ಬರೆಹ ಕಲಿಸುವವರು ಮೊದಲು ಅಕ್ಷರಗಳನ್ನು ಬಿಡಿಬಿಡಿಯಾಗಿಯೂ, ಅನಂತರ ಅಕ್ಷರಗಳ ಕೂಡಿಕೆಯನ್ನೂ, ಆಮೇಲೆ ಪದಗಳನ್ನೂ ಕಲಿಸುವಂತೆ, ಚಿತ್ರ ಕಲಿಸುವವರು ಮೊದಲು ಹೊರರೇಖೆಗಳನ್ನೂ, ಅನಂತರ ಮುಖಗಳು ಒಂದಕ್ಕೊಂದು ಸೇರುವ ಬಗೆಯನ್ನೂ, ಆಮೇಲೆ ಅವಯವಗಳ ಆಕೃತಿಗಳನ್ನೂ ಕಲಿಸಬೇಕೆಂದು ಅವನು ವಿಧಿಸುತ್ತಾನೆ. ಮರಳಿನ ಮೇಲೆ ಅಕ್ಷರ ತಿದ್ದಿ, ಕಾಗುಣಿತ ಒತ್ತಕ್ಷರಗಳನ್ನು ದಾಟಿ, ಪದಕ್ಕೂ ವಾಕ್ಯಕ್ಕೂ ಬರುವ ನಮ್ಮ ಮಕ್ಕಳ ಕ್ರಮವನ್ನು ಬಲ್ಲವರಿಗೆ ಇದರ ಅರ್ಥ ಸುಲಭವಾಗಿ ಹೊಳೆಯುತ್ತದೆ.

ಆಲ್ಬರ್ಟಿಯು ಇಷ್ಟಕ್ಕೇ ನಿಲ್ಲಲಿಲ್ಲ. ಚಿತ್ರಕಾರನು ರೇಖಾಗಣಿತವನ್ನು ತಿಳಿದಿರಬೇಕೆಂದು ಹೇಳಿ ಚತುಷ್ಪಥದ ಕಡೆಗೆ ಒಂದು ಹಾದಿಯನ್ನು ತೆರೆದನು; ಕವಿಗಳ ಮತ್ತು ವಾಗ್ಮಿಗಳ ಒಡನಾಟವನ್ನು ಬೆಳಸಿಕೊಳ್ಳಬೇಕೆಂದು ಹೇಳಿ ತ್ರಿಪಥದ ಕಡೆಗೆ ಇನ್ನೊಂದನ್ನು ತೆರೆದನು. ಅವನ ದೃಷ್ಟಿಯಲ್ಲಿ ಚಿತ್ರಕಾರನ ಪರಮ ಸಾಧನೆ ‘ಇಸ್ಟೋರಿಯಾ’, ಎಂದರೆ ಅನೇಕ ವ್ಯಕ್ತಿಗಳ ಭಾವಭಂಗಿಗಳಿಂದ ಒಂದು ಪ್ರಸಂಗವನ್ನು ಮನ ಮುಟ್ಟುವಂತೆ ನಿರೂಪಿಸುವ ಚಿತ್ರ. ಹೀಗೆ ರೇಖೆಯಿಂದ ಮೊದಲಾಗಿ ಪ್ರಸಂಗದಲ್ಲಿ ಮುಗಿಯುವ ಕ್ರಮವು ವ್ಯಾಕರಣದಿಂದ ಮೊದಲಾಗಿ ವಾಗ್ಮಿತೆಯಲ್ಲಿ ಮುಗಿಯುವ ಪಾಠಕ್ರಮಕ್ಕೆ ಸರಿಸಮಾನವಾಯಿತು. ಸುಮಾರು ನೂರು ವರ್ಷಗಳ ಮೇಲೆ, ೧೫೨೮ರಲ್ಲಿ ಪ್ರಕಟವಾದ ಕಾಸ್ಟಿಲ್ಯೋನೆಯ ‘ಆಸ್ಥಾನಿಕ’ ಎಂಬ ಪುಸ್ತಕದಲ್ಲಿ, ಕುಲೀನನಾದವನೂ ಚಿತ್ರ ಬರೆಯಲು ಬಲ್ಲವನಾಗಿರಬೇಕೆಂಬ ಮಾತು ಗ್ರೀಕರ ನಿದರ್ಶನದೊಡನೆ ಬಂದಿತು. ೧೫೬೩ರಲ್ಲಿ ವಸಾರಿಯ ಪ್ರಯತ್ನದಿಂದ ಫ್ಲಾರೆನ್ಸಿನಲ್ಲಿ ಚಿತ್ರಶಿಲ್ಪಗಳ ಅಕಾಡೆಮಿಯೂ ಸ್ಥಾಪಿತವಾಯಿತು. ಅಭಿಜಾತವೆಂದು ಇಂದಿನವರು ಕರೆಯುವ ಚಿತ್ರಬೋಧನೆಯ ಜನ್ಮಕಾಲ ಇದು. ಅಥೆನ್ಸೂ ಅಲ್ಲ, ಮಧ್ಯಯುಗದ ಮಠವೂ ಅಲ್ಲ.

೬

ಈ ಹೊಂದಾಣಿಕೆಗೆ ಕ್ರೈಸ್ತ ಮತದೊಳಗಿನಿಂದಲೇ ಬೇಗನೆ ಪರೀಕ್ಷೆ ಒದಗಿತು. ಮತಸುಧಾರಣೆಯ ಕಾಲದಲ್ಲಿ, ೧೫೨೪ರಲ್ಲಿ, ಜೂರಿಕ್ ನಗರದ ದೇವಾಲಯಗಳಿಂದ ಚಿತ್ರಗಳನ್ನೂ ಪ್ರತಿಮೆಗಳನ್ನೂ ತೆಗೆಸಿಹಾಕಿದರು. ಕ್ಯಾಲ್ವಿನನೂ ಅವನ್ನು ದೇವಾಲಯದಲ್ಲಿ ಇಡಲು ಒಪ್ಪಲಿಲ್ಲ. ಆದರೆ ಅದೇ ಕ್ಯಾಲ್ವಿನನು ತನ್ನ ಮುಖ್ಯ ಗ್ರಂಥದಲ್ಲಿ ಚಿತ್ರ ಶಿಲ್ಪಗಳು ದೇವರ ವರಗಳೆಂದೂ, ಕಣ್ಣಿಗೆ ಕಾಣುವ ವಸ್ತುಗಳನ್ನು ಚಿತ್ರಿಸುವುದರಲ್ಲಿ ದೋಷವಿಲ್ಲವೆಂದೂ ಬರೆದನು. ಅಮೆರಿಕದ ಇಂದಿನ ಅಭಿಜಾತ ಶಾಲೆಗಳಲ್ಲಿ ಅನೇಕವು ಕ್ಯಾಲ್ವಿನನ ಪರಂಪರೆಗೆ ಸೇರಿದವುಗಳಾದುದರಿಂದ ಈ ಭೇದ ಮುಖ್ಯವಾದುದು. ಪೂಜೆಗೆ ಸಲ್ಲದ ಚಿತ್ರವು ಪಾಠಕ್ಕೆ ಸಲ್ಲಬಹುದೆಂಬ ನಿಲುವಿನ ಮೇಲೆ ಅವು ನಿಂತಿವೆ.

ಕ್ಯಾಥೊಲಿಕರ ಪಕ್ಷದಲ್ಲಿ ೧೫೬೩ರ ಡಿಸೆಂಬರಿನಲ್ಲಿ ಟ್ರೆಂಟ್ ಮಹಾಸಭೆಯು ಚಿತ್ರಗಳನ್ನು ಸಮರ್ಥಿಸಿತು. ಜೊತೆಗೆ ಅವು ಅಸತ್ಯ ಅಥವಾ ಅಸಭ್ಯವಾಗಿರಬಾರದೆಂದು ಕಟ್ಟುಪಾಡನ್ನೂ ವಿಧಿಸಿತು. ಆ ಕಾಲದ ಪ್ರಸಿದ್ಧ ಶಿಕ್ಷಕರು ಯೇಸುಸಭೆಯವರು. ಅವರ ೧೫೯೯ರ ಪಾಠಕ್ರಮದಲ್ಲಿ ವ್ಯಾಕರಣ, ಸಾಹಿತ್ಯ, ವಾಗ್ಮಿತೆ, ತತ್ತ್ವಶಾಸ್ತ್ರ, ದೇವತಾಶಾಸ್ತ್ರಗಳ ತರಗತಿಗಳಿವೆ, ಚಿತ್ರದ ತರಗತಿಯಿಲ್ಲ. ಆದರೂ ಚಿತ್ರವನ್ನು ನೋಡಲು ಕಲಿಸುವುದರಲ್ಲಿ ಅವರು ನಿಪುಣರಾಗಿದ್ದರು. ೧೫೯೩ರಲ್ಲಿ ಆಂಟ್‌ವರ್ಪಿನಲ್ಲಿ ಪ್ರಕಟವಾದ ನಡಾಲನ ಸುವಾರ್ತಾಚಿತ್ರಗಳಲ್ಲಿ ನೂರೈವತ್ತಕ್ಕೆ ಮೇಲ್ಪಟ್ಟು ಫಲಕಗಳಿವೆ. ಪ್ರತಿಯೊಂದು ಫಲಕದಲ್ಲಿಯೂ ಮುಖ್ಯ ಭಾಗಗಳಿಗೆ ಒಂದೊಂದು ಅಕ್ಷರವನ್ನು ಗುರುತು ಹಾಕಿ, ಕೆಳಗೆ ಆ ಅಕ್ಷರಗಳ ಕ್ರಮದಲ್ಲಿ ವಿವರಣೆ ಕೊಟ್ಟಿದೆ. ಕಣ್ಣು ಚಿತ್ರದ ಮೇಲೆ ಸುಮ್ಮನೆ ಹಾಯದೆ, ಒಂದು ಸ್ಥಳದಲ್ಲಿ ನಿಂತು ಮುಂದಿನದಕ್ಕೆ ಹೋಗಬೇಕು. ಇದು ಚಿತ್ರವನ್ನು ಓದುವ ಪಾಠವೇ ಸರಿ. ಹೀಗೆ, ಓದುಬಾರದವರಿಗೆಂದು ಗ್ರೆಗರಿಯು ಉಳಿಸಿದ ಚಿತ್ರವು ಓದುಬಲ್ಲವರ ಕೈಗೆ ಬಂದಿತು.

೭

ಇಷ್ಟು ಪೂರ್ವಚರಿತ್ರೆಯನ್ನು ತಿಳಿದ ಮೇಲೆ ಇಂದಿನ ಬೋಧನೆಯನ್ನು ನೋಡಬಹುದು. ಸೇಯರ್ಸರು ತ್ರಿಪಥದ ಮೂರು ವಿದ್ಯೆಗಳನ್ನು ಬಾಲ್ಯದ ಮೂರು ಅವಸ್ಥೆಗಳಿಗೆ ಹೊಂದಿಸಿದರು. ಮೊದಲನೆಯದು ಕೇಳಿದುದನ್ನು ಬಾಯಿಪಾಠ ಮಾಡುವ ಗಿಳಿಯ ಅವಸ್ಥೆ, ಎರಡನೆಯದು ಎದುರುತ್ತರ ಕೊಡುವ ಅವಸ್ಥೆ, ಮೂರನೆಯದು ತನ್ನದನ್ನು ಹೇಳಬಯಸುವ ಅವಸ್ಥೆ. ಇದಕ್ಕೆ ಆಧಾರ ತಮ್ಮ ಸ್ವಂತ ಬಾಲ್ಯದ ನೆನಪೆಂದು ಅವರೇ ಹೇಳಿಕೊಂಡರು. ಮಧ್ಯಯುಗದ ಗ್ರಂಥಗಳಲ್ಲಿ ತ್ರಿಪಥವು ವಿದ್ಯೆಗಳ ಕ್ರಮವೇ ಹೊರತು ವಯಸ್ಸಿನ ಅವಸ್ಥೆಗಳಲ್ಲ. ಈ ಹೊಂದಿಕೆಯನ್ನು ಚಿತ್ರಕ್ಕೂ ಅನ್ವಯಿಸಿದವರು ಸಣ್ಣ ಮಕ್ಕಳಿಗೆ ರೇಖೆ, ಆಕಾರ, ಬಣ್ಣಗಳ ಹೆಸರುಗಳನ್ನೂ, ಉತ್ತಮ ಕೃತಿಗಳ ಪ್ರತಿ ತೆಗೆಯುವುದನ್ನೂ ಕಲಿಸುತ್ತಾರೆ. ನಡುವಿನ ತರಗತಿಯವರಿಗೆ ಪ್ರಮಾಣ, ದೃಷ್ಟಿಕೋನ, ರಚನೆಗಳನ್ನು ಬಿಡಿಸಿ ತೋರಿಸಿ ಕೃತಿಗಳನ್ನು ಹೋಲಿಸಲು ಹೇಳುತ್ತಾರೆ. ಹಿರಿಯರಿಗೆ ಸ್ವಂತ ರಚನೆಯನ್ನು ಒಪ್ಪಿಸುತ್ತಾರೆ. ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲಟ್ ಮೇಸನ್ (೧೮೪೨–೧೯೨೩) ರೂಢಿಗೆ ತಂದ ಚಿತ್ರಪರಿಚಯದ ಪಾಠವನ್ನೂ ಅನೇಕರು ಸೇರಿಸಿಕೊಂಡಿದ್ದಾರೆ. ಒಂದು ಅವಧಿಯಲ್ಲಿ ಒಬ್ಬನೇ ಕಲಾವಿದನ ಆರು ಚಿತ್ರಗಳು. ಮಗು ಒಂದು ಚಿತ್ರವನ್ನು ಮೌನವಾಗಿ ದಿಟ್ಟಿಸಿ ನೋಡಬೇಕು, ಅನಂತರ ಅದನ್ನು ಮಗುಚಿಟ್ಟು ಕಂಡುದನ್ನು ತನ್ನ ಮಾತಿನಲ್ಲಿ ಹೇಳಬೇಕು. ಉಪಾಧ್ಯಾಯರ ವ್ಯಾಖ್ಯಾನ ಆಮೇಲೆ, ಅದೂ ಮಿತವಾಗಿ.

ಇದಕ್ಕೆ ತೀರ ವಿರುದ್ಧವಾದ ಸಿದ್ಧಾಂತವೂ ೧೯೪೭ರಲ್ಲಿಯೇ ಗ್ರಂಥರೂಪದಲ್ಲಿ ಬಂದಿತು. ವಿಕ್ಟರ್ ಲೋವೆನ್‌ಫೆಲ್ಡರು ಆ ವರ್ಷ ಪ್ರಕಟಿಸಿದ ಪುಸ್ತಕದಲ್ಲಿ ಮಕ್ಕಳ ಚಿತ್ರಗಳು ಗೀಚುವಿಕೆಯಿಂದ ಮೊದಲಾಗಿ ಸ್ವಾಭಾವಿಕವಾಗಿಯೇ ಹಂತಹಂತವಾಗಿ ಬೆಳೆಯುತ್ತವೆಂದೂ, ಪ್ರತಿ ತೆಗೆಸುವುದು, ಸಿದ್ಧ ರೇಖೆಗಳಿಗೆ ಬಣ್ಣ ತುಂಬಿಸುವುದು ಮಗುವಿನ ಸೃಜನಶಕ್ತಿಯನ್ನು ಕುಂದಿಸುತ್ತವೆಂದೂ ವಾದಿಸಿದರು. ಅದಕ್ಕೆ ಹಿಂದೆಯೇ ವಿಯೆನ್ನದಲ್ಲಿ ಫ್ರಾನ್ಸ್ ಚಿಜೆಕ್ ಮಕ್ಕಳಿಗೆ ಸ್ವಚ್ಛಂದವಾಗಿ ಚಿತ್ರ ಬರೆಯಲು ಬಿಡುವ ತರಗತಿಯನ್ನು ನಡೆಸಿದ್ದರು. ೧೯೪೩ರಲ್ಲಿ ಹರ್ಬರ್ಟ್ ರೀಡರು ಕಲೆಯೇ ಶಿಕ್ಷಣದ ಆಧಾರವಾಗಬೇಕೆಂದು ಬರೆದಿದ್ದರು. ಒಂದು ಪಕ್ಷಕ್ಕೆ ಮಗುವಿನ ಒಳಗಿರುವುದು ಹೊರಬರಬೇಕು. ಇನ್ನೊಂದು ಪಕ್ಷಕ್ಕೆ ಹೊರಗಿರುವ ಚೆಲುವು ಮಗುವಿನ ಒಳಗೆ ಸೇರಬೇಕು.

ಈ ವಿವಾದದಲ್ಲಿ ನಮಗೆ ತೋರುವುದಿಷ್ಟು. ಅನುಕರಣದಿಂದ ಸ್ವಂತಿಕೆ ನಾಶವಾಗುವುದೆಂಬ ಮಾತನ್ನು ಚರಿತ್ರೆ ಬೆಂಬಲಿಸುವುದಿಲ್ಲ. ೧೫೮೦ರಲ್ಲಿ ಯೇಸುಸಭೆಯ ಪಾದ್ರಿಗಳು ಅಕ್ಬರನ ಆಸ್ಥಾನಕ್ಕೆ ಚಿತ್ರಸಹಿತವಾದ ಬಹುಭಾಷಾ ಬೈಬಲನ್ನು ತಂದಿತ್ತ ಮೇಲೆ, ಕೇಸುದಾಸ, ಬಸಾವನ್ ಮೊದಲಾದ ಮೊಗಲ್ ಚಿತ್ರಕಾರರು ಯೂರೋಪಿನ ಮುದ್ರಿತ ಚಿತ್ರಗಳ ಪ್ರತಿ ತೆಗೆದರು. ಅದರಿಂದ ಅವರು ಯೂರೋಪಿನ ಚಿತ್ರಕಾರರಾಗಲಿಲ್ಲ. ತಮ್ಮ ಕಲೆಗೆ ನೆರಳು ಬೆಳಕಿನ ಹೊಸ ಬಳಕೆಯೊಂದನ್ನು ಸೇರಿಸಿಕೊಂಡರು. ಆದರೆ ಪ್ರತಿ ತೆಗೆಯುವುದೇ ಗುರಿಯಾದಲ್ಲಿ ಲೋವೆನ್‌ಫೆಲ್ಡರ ಆಕ್ಷೇಪ ಸಾಧುವಾದುದೇ. ಆಲ್ಬರ್ಟಿಯ ಅಕ್ಷರಾಭ್ಯಾಸವು ಪ್ರಸಂಗಚಿತ್ರಕ್ಕೆ ಸಾಧನವಾಗಿತ್ತು; ಜೀವನವೆಲ್ಲ ಅಕ್ಷರ ತಿದ್ದುತ್ತ ಕುಳಿತವನು ಓದುಗನಾಗುವುದಿಲ್ಲ.

೮

ಈ ಪರಂಪರೆಯ ಒಂದು ಕೊಂಬೆ ನಮ್ಮ ನಾಡಿಗೂ ಚಾಚಿದೆ. ಯೇಸುಸಭೆಯವರು ೧೮೮೦ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು. ಅದರ ಪ್ರಾರ್ಥನಾಮಂದಿರದ ಗೋಡೆ ಮಾಡುಗಳನ್ನು ೧೮೯೯ರಿಂದ ೧೯೦೧ರ ವರೆಗೆ ಚಿತ್ರಗಳಿಂದ ತುಂಬಿಸಿದವರು ಬ್ರದರ್ ಆಂಟೋನಿಯೋ ಮೊಸ್ಕೇನಿ. ೧೮೫೪ರಲ್ಲಿ ಇಟಲಿಯ ಬೆರ್ಗಾಮೋ ಬಳಿ ಹುಟ್ಟಿದ ಅವರು, ಆ ನಗರದ ಕರ್ರಾರಾ ಅಕಾಡೆಮಿಯಲ್ಲಿ ಚಿತ್ರಕಲೆಯನ್ನು ಅಭ್ಯಸಿಸಿ, ಅನಂತರ ಯೇಸುಸಭೆಯನ್ನು ಸೇರಿದವರು. ೧೯೦೫ರಲ್ಲಿ ಕೊಚ್ಚಿಯಲ್ಲಿ ನಿಧನರಾದರು. ಗೋಡೆಗಳ ಮೇಲಿನವು ಹಸಿ ಗಾರೆಯ ಚಿತ್ರಗಳು. ಸುಣ್ಣದ ಗಾರೆ ಒಣಗುವುದರೊಳಗೆ ಬಣ್ಣ ಹಚ್ಚಿದರೆ ಮಾತ್ರ ಅದು ಗೋಡೆಯೊಡನೆ ಒಂದಾಗುತ್ತದೆ. ಆದುದರಿಂದ ಒಂದು ದಿನ ಬರೆಯಬಲ್ಲಷ್ಟು ಸ್ಥಳಕ್ಕೆ ಮಾತ್ರ ಆ ದಿನ ಗಾರೆ ಬಳಿಯಬೇಕಾಗುತ್ತದೆ. ಮಾಡಿನಲ್ಲಿರುವವು ಬಟ್ಟೆಯ ಮೇಲೆ ಬರೆದ ಎಣ್ಣೆಬಣ್ಣದ ಚಿತ್ರಗಳು. ಅಲ್ಲಿರುವುದು ರೋಮಿನಲ್ಲಿ ಪ್ಲೇಗು ರೋಗಿಗಳ ಸೇವೆಯಲ್ಲಿ ತೊಡಗಿ ೧೫೯೧ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ ತೀರಿಕೊಂಡ ಅಲೋಶಿಯಸ್ ಗೊನ್ಜಾಗನ ಜೀವನದ ಪ್ರಸಂಗಗಳು. ವಿದ್ಯಾರ್ಥಿಗಳ ಆದರ್ಶವೆಂದು ಕ್ಯಾಥೊಲಿಕರು ಗೌರವಿಸುವ ಯುವಕನ ಚರಿತ್ರೆಯನ್ನು ವಿದ್ಯಾರ್ಥಿಗಳ ತಲೆಯ ಮೇಲೆಯೇ ಬರೆದುದು ಅರ್ಥಪೂರ್ಣವಾಗಿದೆ. ಅದು ಆಲ್ಬರ್ಟಿಯ ‘ಇಸ್ಟೋರಿಯಾ’ವೇ ಆಗಿದೆ. ಮೊಸ್ಕೇನಿಯವರು ಪಾದ್ರಿಯಲ್ಲ, ಸಭೆಯ ಸಹೋದರರು ಎಂಬುದನ್ನೂ ಗಮನಿಸಬಹುದು. ತರಗತಿಯಲ್ಲಿ ಪಾಠ ಹೇಳಿದ ಪಾದ್ರಿಗಳಲ್ಲಿ ಅನೇಕರ ಹೆಸರುಗಳು ಮರೆತುಹೋಗಿದ್ದರೂ, ಆ ಗೋಡೆಗಳು ಇನ್ನೂ ಪಾಠ ಹೇಳುತ್ತಿವೆ.

ಅಭಿಜಾತವೆಂದರೆ ಗ್ರೀಕ್ ಮತ್ತು ಇಟಲಿಯ ಮಾದರಿಗಳು ಮಾತ್ರವೆ ಎಂಬ ಪ್ರಶ್ನೆಯೂ ನಮ್ಮ ದೇಶದಲ್ಲಿ ಏಳದೆ ಇರಲಿಲ್ಲ. ಗೋವೆಯಲ್ಲಿ ಹುಟ್ಟಿದ ಆಂಜೆಲೋ ದ ಫೊನ್ಸೇಕ (೧೯೦೨–೧೯೬೭) ಶಾಂತಿನಿಕೇತನಕ್ಕೆ ಹೋಗಿ ಬಂಗಾಳದ ಗುರುಗಳಲ್ಲಿ ಅಭ್ಯಾಸಮಾಡಿ, ಮಾತೆ ಮೇರಿಯನ್ನು ಸೀರೆಯುಟ್ಟ ಭಾರತೀಯ ಸ್ತ್ರೀಯಾಗಿ ಚಿತ್ರಿಸಿದರು. ಈಜಿಪ್ಟಿನ ಚಿನ್ನವನ್ನು ಬಳಸಬಹುದೆಂದು ಅಗಸ್ಟೀನನು ಹೇಳಿದುದು ನ್ಯಾಯವಾದರೆ, ಅಜಂತದ ಚಿನ್ನಕ್ಕೂ ಆ ನ್ಯಾಯವೇ ಸಲ್ಲಬೇಕಷ್ಟೆ. ಅಮೆರಿಕದ ಅಭಿಜಾತ ಶಾಲೆಗಳು ಈ ಪ್ರಶ್ನೆಯನ್ನು ಎದುರಿಸದೆ ತಮ್ಮ ವಾದವನ್ನು ಪೂರ್ಣಗೊಳಿಸಲಾರವು.

೯

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯಗಳು ಮೂರು. ಒಂದನೆಯದಾಗಿ, ಉದಾರ ಕಲೆಗಳ ಪಾಠಕ್ರಮದಲ್ಲಿ ಚಿತ್ರಕಲೆಗೆ ಸ್ಥಾನವಿರಲಿಲ್ಲ. ಆದುದರಿಂದ ಅಭಿಜಾತ ಕ್ರೈಸ್ತ ಚಿತ್ರಬೋಧನೆಯನ್ನು ಕಳೆದುಹೋದುದರ ಪುನಃಪ್ರಾಪ್ತಿ ಎಂದು ವರ್ಣಿಸುವುದು ಚರಿತ್ರೆಗೆ ಸಲ್ಲದು. ಎರಡನೆಯದಾಗಿ, ಬೇರೆಬೇರೆ ಮೂಲಗಳಿಂದ ಬಂದ ಅಂಶಗಳು ಅದರಲ್ಲಿ ಸತ್ತ್ವಯುತವಾಗಿವೆ: ನೋಡುವ ಕಣ್ಣನ್ನು ಪಳಗಿಸಬೇಕೆಂಬುದು ಅರಿಸ್ಟಾಟಲನಿಂದ, ಚೆಲುವು ವಸ್ತುವಿನಲ್ಲಿದೆಯೆಂಬುದು ಅಗಸ್ಟೀನನಿಂದ, ಕೈಯ ಕೆಲಸ ಪೂಜ್ಯವೆಂಬುದು ಥಿಯೋಫಿಲಸನಿಂದ, ಕ್ರಮಬದ್ಧವಾದ ಅಭ್ಯಾಸ ಬೇಕೆಂಬುದು ಆಲ್ಬರ್ಟಿಯಿಂದ. ಮೂರನೆಯದಾಗಿ, ಇವನ್ನು ಒಂದುಗೂಡಿಸಿದುದು ಇಪ್ಪತ್ತನೆಯ ಶತಮಾನದ ಕೆಲಸ. ಅದನ್ನು ಹಾಗೆಂದು ಒಪ್ಪಿಕೊಂಡರೆ ಆ ಕೆಲಸದ ಬೆಲೆ ಕಡಮೆಯಾಗುವುದಿಲ್ಲ.

ಪ್ರಾಚೀನವಾದುದೆಂಬ ಹೆಸರು ಕೊಟ್ಟೊಡನೆ ಯಾವುದೇ ಬೋಧನಕ್ರಮಕ್ಕೂ ಪರೀಕ್ಷೆಯಿಂದ ವಿನಾಯಿತಿ ದೊರೆಯುವ ಪ್ರವೃತ್ತಿ ಎಲ್ಲ ದೇಶಗಳಲ್ಲಿಯೂ ಉಂಟು; ನಮ್ಮಲ್ಲಿಯೂ ಉಂಟು. ಪರಂಪರೆಯ ಹೆಸರಿನಲ್ಲಿ ಮುಂದಿಟ್ಟ ಪಾಠಕ್ರಮದ ಪ್ರತಿಯೊಂದು ಅಂಶವೂ ಎಲ್ಲಿಂದ, ಯಾವಾಗ, ಯಾವ ಕಾರಣಕ್ಕೆ ಬಂದಿತೆಂದು ವಿಚಾರಿಸುವುದು ಚರಿತ್ರೆಯ ಅಧ್ಯಾಪಕರ ಕರ್ತವ್ಯ. ಆ ವಿಚಾರಣೆ ಮುಗಿದ ಮೇಲೆ ಅದರಲ್ಲಿ ಗ್ರಾಹ್ಯವಾದುದನ್ನು ಮುಕ್ತ ಮನಸ್ಸಿನಿಂದ ಸ್ವೀಕರಿಸುವುದೂ ಅಷ್ಟೇ ಕರ್ತವ್ಯ. ಮಂಗಳೂರಿಗೆ ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದೊಯ್ಯುವ ಅಧ್ಯಾಪಕರು ಆ ಮಂದಿರದಲ್ಲಿ ಒಂದೇ ಒಂದು ಪ್ರಸಂಗದ ಮುಂದೆ ಅವರನ್ನು ಸ್ವಲ್ಪ ಹೊತ್ತು ಮೌನವಾಗಿ ನಿಲ್ಲಿಸಿ, ಹೊರಗೆ ಬಂದ ಮೇಲೆ ಕಂಡುದನ್ನು ಹೇಳಿಸಿ ನೋಡಬಹುದು. ಯಾವ ಮತಕ್ಕೆ ಸೇರಿದವರಿಗೂ ಅದರಿಂದ ಲಾಭವುಂಟು.